ದೇವರ ಕಾಡಿನ ಮಣ್ಣು ನಮ್ಮ ಲಾನ್‌ಗೆ

ಬುಟ್ಟಿ ಕೆಳಗಿಟ್ಟು ಆಕೆ ಚಪ್ಪಲಿ ಕಳಚಿದಳು. ಯಾದಗಿರಿ ಕಡೆಯ ಆ ಹೆಣ್ಣುಮಗಳು, ಪುಣೆಯ ಖರಾಡಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಲಾನ್‌ಗೆಂದು ಲಾರಿಯಲ್ಲಿ ಬಂದ ಕಪ್ಪು ಮಣ್ಣನ್ನು ಹರಡುತ್ತಿದ್ದಳು. ಆ ಮಣ್ಣಿನಲ್ಲಿ ಸಿಂಧೂರ ಬಳಿದ ಪುಟ್ಟ ಕಲ್ಲೊಂದು ಸಿಕ್ಕಿತ್ತು.

“ಅಕ್ಕಾರ, ಇದು ದೇವರ ಜಾಗಾದ ಮಣ್ಣ ಅದ ರೀ. ಚಪ್ಪಲಿ ಹಾಕ್ಕೊಂಡು ಹ್ಯಾಂಗ ತುಳೀಲಿ?”

ಗುತ್ತಿಗೆದಾರನೂ ಕನ್ನಡದವನೇ, ನಮ್ಮ ವಿಜಯಪುರದ ಕಡೆಯವನು. ಕರೆದು ಕೇಳಿದೆ. ಘಟ್ಟದ ಕಡೆಯ ದೇವರಾಯಿಯಿಂದ ತಂದದ್ದೆಂದು ಹೆಮ್ಮೆಯಿಂದಲೇ ಹೇಳಿದ. ದೇವರಾಯಿ ಎಂದರೆ ಹಳ್ಳಿಯವರು ದೇವರಿಗೆಂದು ಬಿಟ್ಟ ಕಾಡು. ಅಲ್ಲಿಂದ ಒಣಗಿದ ಕಡ್ಡಿಯನ್ನೂ ಯಾರೂ ಮನೆಗೆ ಒಯ್ಯುವುದಿಲ್ಲ. ಅದಕ್ಕೇ ಬೇರೆಲ್ಲೂ ಕಾಣದ ಹೆಮ್ಮರಗಳು ಅಲ್ಲಿ ಉಳಿದಿವೆ. ಅವುಗಳ ಎಲೆ ತಲೆಮಾರುಗಳಿಂದ ಬಿದ್ದು ಕೊಳೆತು ಈ ಮಣ್ಣಾಗಿದೆ.

“ಮರಕ್ಕ ಕೈ ಹಚ್ಚಿಲ್ರೀ ಮ್ಯಾಡಮ್, ಬರೇ ಮಣ್ಣ ತಗೊಂಡ ಬಂದೀವಿ” ಎಂದ.

ನನಗೆ ಮೈಯೆಲ್ಲ ಉರಿಯಿತು. ಬುಡದ ಮಣ್ಣನ್ನೇ ಬಗೆದು ತಂದ ಮೇಲೆ ಆ ಮರಗಳು ಏನನ್ನು ಹಿಡಿದು ನಿಲ್ಲಬೇಕು? ಸಂಜೆ ಸೊಸೈಟಿಯ ಸಭೆಯಲ್ಲಿ ಕೂಗಾಡಿದೆ. ದೇವರು ಇಲ್ಲಿಗೇ ಬಂದನಲ್ಲ ಎಂದು ಯಾರೋ ನಕ್ಕರು. ಹಿಂದಿನ ಸಭೆಯಲ್ಲಿ ‘ಒಳ್ಳೆಯ ಮಣ್ಣೇ ತರಿಸೋಣ’ ಎಂದಾಗ ಕೈ ಎತ್ತಿದವರಲ್ಲಿ ನಾನೂ ಇದ್ದೆನೆಂದು ಅಧ್ಯಕ್ಷರು ನೆನಪಿಸಿದರು. ಎಲ್ಲಿಯ ಮಣ್ಣು ಎಂದು ಅಂದು ನಾನು ಕೇಳಿರಲಿಲ್ಲ.

ಈಗ ಲಾನ್ ಹಚ್ಚಹಸಿರಾಗಿದೆ. ಅದರ ಅಂಚಿಗೆ ಮೊನ್ನೆ ಬೋರ್ಡ್ ನೆಟ್ಟಿದ್ದಾರೆ: ‘ಹುಲ್ಲಿನ ಮೇಲೆ ಚಪ್ಪಲಿ ಹಾಕಿಕೊಂಡು ನಡೆಯಬಾರದು.’