ಬಳ್ಳಿಯತ್ತೆ ಬರೆಯದ ಅಕ್ಷರ

ನನ್ನ ಸೋದರತ್ತೆಯನ್ನು ಊರೆಲ್ಲ ಕರೆಯುವುದು ಬಳ್ಳಿಯತ್ತೆ ಎಂದೇ. ನಲವತ್ತು ವರ್ಷ ಮದುವೆಯ ಕಾರ್ಡುಗಳನ್ನು ಕೈಯಲ್ಲಿ ಬರೆದುಕೊಟ್ಟವಳು. ಅಚ್ಚಿನವರು ಅದನ್ನೇ ಪ್ರತಿ ಮಾಡುತ್ತಿದ್ದರು. ಅವಳ 'ಳ'ದ ಬಾಲ ಬಳ್ಳಿಯ ಹಾಗೆ ಪಕ್ಕದ ಅಕ್ಷರದ ಕೆಳಗೆ ನುಸುಳಿ, ವರನ ಹೆಸರನ್ನು ಬಳಸಿಕೊಂಡು ವಧುವಿನ ಹೆಸರಿನ ಹತ್ತಿರ ಹೋಗಿ ಕೂರುತ್ತಿತ್ತು. ಜೋಡಿಗಳು ಆಮೇಲೆ ಮುನಿಸಿಕೊಂಡರೂ ಅಕ್ಷರಗಳು ಒಂದನ್ನೊಂದು ಬಿಟ್ಟಿದ್ದಿಲ್ಲ.

ತಾಯಿಯಿಲ್ಲದ ನನ್ನನ್ನು ಸಾಕಿದ್ದು ಅವಳೇ. ಓರೆ ನಿಬ್ಬು ಹಿಡಿದು ಕಿಟಕಿಯ ಬಳಿ ಕೂತಳೆಂದರೆ ಹಾಲು ಉಕ್ಕಿದರೂ ಏಳುವವಳಲ್ಲ. ಒಲೆ ಕಾಯುವ ಕೆಲಸ ನನ್ನದು. ನನ್ನ ಮದುವೆಯ ಕಾರ್ಡು ಬರೆದ ಮೇಲೇ ನಿಬ್ಬು ಕೆಳಗಿಡುವುದು ಎನ್ನುತ್ತಿದ್ದಳು. ಮದುವೆ ಗೊತ್ತಾಗುವ ಹೊತ್ತಿಗೆ ಅವಳ ಬಲಗೈ ನಡುಗತೊಡಗಿತ್ತು. ಮಾತು ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂದು ಒಳಗೊಳಗೇ ಕೊರಗಿದಳು.

ನಾನು ಪ್ರೆಸ್ಸಿನಲ್ಲಿ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವವಳು. ಅವಳ ಹಳೆಯ ಅಕ್ಷರಗಳಿಂದಲೇ ಒಂದು ಫಾಂಟ್ ಮಾಡುತ್ತೇನೆಂದು ಹಟ ಹಿಡಿದೆ. ಮನೆಮನೆ ಅಲೆದೆ. ಜನ ಕಪಾಟಿನಿಂದ, ಆಲ್ಬಮ್ಮಿನ ಸಂದಿಯಿಂದ ಕಾರ್ಡು ತೆಗೆದುಕೊಟ್ಟರು. ಹೆಂಡತಿಯನ್ನು ಕಳೆದುಕೊಂಡ ದರ್ಜಿಯೊಬ್ಬ ಹೊಲಿಗೆಯಂತ್ರದ ಡ್ರಾಯರಿನಿಂದ ತನ್ನದನ್ನು ತೆಗೆದ. ಸಂಜೆಯೊಳಗೆ ವಾಪಸು ತರುತ್ತೇನೆಂದು ಮೂರು ಸಲ ಹೇಳಿಸಿದ. ಅವರ್ಯಾರನ್ನೂ ನಾನು ಮರೆತಿಲ್ಲ.

ಎಲ್ಲ ಅಕ್ಷರಗಳೂ ಸಿಕ್ಕವು, ಒಂದರ ಹೊರತು. ಮುನ್ನೂರು ಕಾರ್ಡು ತಿರುವಿದರೂ ಒಂದು 'ಋ' ಇಲ್ಲ. ನನ್ನ ಕಾರ್ಡಿನ ಕೊನೆಯ ಸಾಲಿಗೆ ಬೇಕಿದ್ದದ್ದೂ ಅದೇ.

ಕೇಳಿದರೆ ಅತ್ತೆ ಮುಖ ತಿರುಗಿಸಿದಳು. ಕಾಡಿ ಬೇಡಿದ ಮೇಲೆ ಬಾಯಿಬಿಟ್ಟಳು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಬರೆಯಲು ಶುರುಮಾಡಿದ ವರ್ಷವೇ ಯಾರದೋ ಕಾರ್ಡಿನಲ್ಲಿ 'ಋಣಿ' ಎನ್ನುವುದನ್ನು 'ರುಣಿ' ಎಂದು ಬರೆದು, ಇನ್ನೂರು ಪ್ರತಿ ಅಚ್ಚಾಗಿ ಹಂಚಿಯೂ ಆಗಿತ್ತು. ಹುಡುಗಿಯ ಅಪ್ಪ ಮೇಷ್ಟ್ರು. ಬೈಯಲಿಲ್ಲ, ನಕ್ಕರಂತೆ. ಅಂದಿನಿಂದ ಯಾರು 'ಋಣಿ' ಎಂದರೂ 'ಉಪಕಾರ ಮರೆಯೆವು' ಎಂದು ತಿದ್ದಿಸಿ, ಆ ಅಕ್ಷರದ ತಂಟೆಗೇ ಹೋಗಿರಲಿಲ್ಲ.

"ಈಗ ಬರಿ ಅತ್ತೆ," ಎಂದೆ.

"ಕೈ ಚೆನ್ನಾಗಿದ್ದಾಗಲೇ ಬರೀಲಿಲ್ಲ. ಈಗ ಬರೆದು ನಿನ್ನ ಕಾರ್ಡು ಕೆಡಿಸ್ಲಾ?"

"ಕೆಟ್ಟರೂ ನಿನ್ನ ಕೈದೇ ಬೇಕು."

ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಬರೆದಳು. ಹನ್ನೊಂದು ಹಾಳೆ ಹಾಳಾದವು. ಹನ್ನೆರಡನೆಯದರಲ್ಲಿ ಋ ಬಂತು, ತುದಿ ಕೊಂಚ ನಡುಗಿತ್ತು. ಕಂಪ್ಯೂಟರಿನಲ್ಲಿ ಅದನ್ನು ನಯ ಮಾಡಬಹುದಿತ್ತು, ನಾನು ಮುಟ್ಟಲಿಲ್ಲ. 'ಬಳ್ಳಿ' ಫಾಂಟನ್ನು ಈಗ ಗುರುತಿಲ್ಲದ ಜೋಡಿಗಳೂ ಕೇಳಿಕೊಂಡು ಬರುತ್ತಾರೆ. ಅದರ ಋ ಇಂದಿಗೂ ನಡುಗುತ್ತದೆ.

ಅಚ್ಚಾದ ಮೊದಲ ಕಾರ್ಡನ್ನು ಅತ್ತೆಯ ಕೈಗಿಟ್ಟೆ. ಕನ್ನಡಕ ಏರಿಸಿಕೊಂಡು ಮೇಲಿನಿಂದ ಓದುತ್ತ ಬಂದು ಕೊನೆಯ ಸಾಲಿನಲ್ಲಿ ನಿಂತಳು: 'ಸಾಕಿದ ಅತ್ತೆಗೆ ನಾನು ಋಣಿ.'

ಆ ಸಾಲಿನ ಮೇಲೆ ಬೆರಳಾಡಿಸಿದಳು.

"ಈ ಸಲ ತಪ್ಪಿಲ್ಲ," ಎಂದಳು.