ಸ್ಕೂಟರಿನ ಹಿಂದಿನ ಸೀಟು

ಸಿರ್ಸಿ ಪೇಟೆಯಲ್ಲಿ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದವನು ಒಬ್ಬನೇ, ಪೆಟ್ರೋಲ್ ಪಂಪಿನವನು. ನಾನು ವಕೀಲ. ನನ್ನ ವಾದ ಕೇಳುತ್ತ ನ್ಯಾಯಾಧೀಶರು ಕಣ್ಣು ಮುಚ್ಚುತ್ತಿದ್ದರು, ಫೀ ಕೊಡಬೇಕಾದ ಕಕ್ಷಿಗಾರರು ನನ್ನನ್ನು ಕಂಡು ದಾರಿ ಬದಲಿಸುತ್ತಿದ್ದರು. ಪಂಪಿನವನು ಮಾತ್ರ ನನ್ನ ಕಾರಿನ ಕೆಮ್ಮು ದೂರದ ತಿರುವಿನಲ್ಲಿ ಕೇಳಿಸಿದ ಕೂಡಲೇ ಎದ್ದು ಟೊಪ್ಪಿಗೆ ಸರಿಪಡಿಸಿಕೊಳ್ಳುತ್ತಿದ್ದ. ಅವನ ಮಗಳ ಮದುವೆಗೆ ನನ್ನನ್ನು ಕರೆದು ಮೊದಲ ಪಂಕ್ತಿಯಲ್ಲೇ ಕೂರಿಸಿದ. ಎಲೆಗೆ ಹೋಳಿಗೆ ಬಿದ್ದಾಗ, ಇದು ಒಂದು ರೀತಿಯಲ್ಲಿ ನನ್ನ ದುಡ್ಡಿನದೇ ಅಲ್ಲವೇ ಎನ್ನಿಸಿತು.

ಆ ಕಾರು ಮಾವ ನನ್ನ ಮದುವೆಯಲ್ಲಿ ಕೊಟ್ಟದ್ದು. ಯಾರೋ ಬಿಳಿಯ ಅಧಿಕಾರಿ ಸ್ವಂತ ದೇಶಕ್ಕೆ ಹೋಗುವಾಗ ಬಿಟ್ಟುಹೋದದ್ದನ್ನು ಅವರು ಕೊಂಡಿದ್ದರು. ದೊರೆಗಳು ಹೋದರು, ಕಾರಿನ ದೊರೆತನ ಹೋಗಲಿಲ್ಲ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದಾಗ ನಮ್ಮ ಜಿಲ್ಲೆಯಲ್ಲಿ ಏನೇನೋ ಬದಲಾಯಿತು; ಅದರ ಬಾಯಾರಿಕೆ ಬದಲಾಗಲಿಲ್ಲ. ಸಿದ್ದಾಪುರದ ಕೋರ್ಟಿಗೆ ಒಮ್ಮೆ ಹೋಗಿಬಂದರೆ ಆ ದಿನದ ಫೀ ಅದರ ಹೊಟ್ಟೆಗೆ. ಯಲ್ಲಾಪುರಕ್ಕೆ ಹೋದರೆ ನಾಳೆಯದೂ ಅದರ ಹೊಟ್ಟೆಗೆ. ಹೀಗಾಗಿ ಗೆದ್ದ ಕೇಸಿನಲ್ಲೂ ಸೋತವನು ನಾನೇ.

ದೇವರುಗಳು ಈ ವಿಷಯದಲ್ಲಿ ನಮಗಿಂತ ಬುದ್ಧಿವಂತರು. ಈಶ್ವರನ ವಾಹನ ಹುಲ್ಲು ತಿನ್ನುತ್ತದೆ, ಸುಬ್ರಹ್ಮಣ್ಯನದು ಹುಳ ಹೆಕ್ಕುತ್ತದೆ. ಪುಷ್ಪಕ ವಿಮಾನವನ್ನು ರಾವಣ ಕಿತ್ತುಕೊಂಡು ಹೋದಾಗ ಕುಬೇರ ಹೆಚ್ಚು ಗಲಾಟೆ ಮಾಡಲಿಲ್ಲವಂತೆ. ಅಷ್ಟು ದೊಡ್ಡ ಶ್ರೀಮಂತ ಯಾಕೆ ಸುಮ್ಮನಾದ ಎಂದು ಪುರಾಣಿಕರು ಏನೇನೋ ಹೇಳುತ್ತಾರೆ. ನನ್ನ ಪ್ರಕಾರ ಆತ ಅಂದು ಮೊದಲ ಬಾರಿಗೆ ನೆಮ್ಮದಿಯ ನಿದ್ದೆ ಮಾಡಿದ. ಎಲ್ಲರಿಗಿಂತ ಜಾಣ ಗಣಪತಿ. ಚಂದಗುಳಿಯ ಗಂಟಿಗಣೇಶನ ಮುಂದೆ ನಿಂತಾಗಲೆಲ್ಲ ನನ್ನ ಕಣ್ಣು ಮೂರ್ತಿಯನ್ನು ಬಿಟ್ಟು ಇಲಿಯ ಕಡೆಗೇ ಹೋಗುತ್ತಿತ್ತು. ಅಷ್ಟು ದೊಡ್ಡ ಹೊಟ್ಟೆಯವನಿಗೆ ಅಷ್ಟು ಚಿಕ್ಕ ವಾಹನ ಸಾಕಾದರೆ, ಬಡಕಲು ವಕೀಲನೊಬ್ಬನಿಗೆ ನಾಲ್ಕು ಚಕ್ರ ಯಾಕೆ?

ನನ್ನ ಪಾಲಿನ ಇಲಿ ದನದ ಡಾಕ್ಟರರ ಅಂಗಳದಲ್ಲಿತ್ತು. ಹಾವೇರಿ ಕಡೆಯ ಆ ಡಾಕ್ಟರರಿಗೆ ವರ್ಗವಾಗಿತ್ತು, ಸ್ಕೂಟರನ್ನು ಮಾರುವವರಿದ್ದರು. ಹೊಸ ಸ್ಕೂಟರಿಗೆ ಹೆಸರು ಬರೆಸಿದವನ ಮೊಮ್ಮಗ ಅದನ್ನು ಓಡಿಸಬೇಕಾದ ಕಾಲ ಅದು. ಹಸಿರು ಬಣ್ಣದ, ಪುಟ್ಟ, ವಿನಯವಂತ ವಾಹನ. ನಾನು ಅದರ ಸುತ್ತ ಮೂರು ಪ್ರದಕ್ಷಿಣೆ ಹಾಕಿದೆ. ಎಲ್ಲಿ ಹಿಡಿಯಬೇಕೆಂದೇ ತಿಳಿಯಲಿಲ್ಲ.

"ಬರ್ರಿ ವಕೀಲರ, ಹೆದರಬ್ಯಾಡ್ರಿ," ಎಂದರು ಡಾಕ್ಟರು. "ಎತ್ತಿಗೆ ಬಾಲಾ ತಿರುವ್ತಾರ, ಇದಕ್ಕ ಕಿವಿ ಹಿಂಡ್ಬೇಕು. ಅಷ್ಟ ಫರಕ. ನಾಕು ದಿನ ಇಟ್ಕೊಂಡು ಓಡ್ಸಿ ನೋಡ್ರಿ, ಮನಸ್ಸಿಗೆ ಬಂದ್ರ ತಗೋರಿ."

ಕಿವಿ ಹಿಂಡುವುದು ಬೇಗ ಬಂತು. ಮನಸ್ಸಿಗೆ ಬರಲು ಒಂದೇ ತೊಡಕು, ಮಾವ. ಅವರು ಕೊಟ್ಟ ಕಾರನ್ನು ಮಾರದೆ ಸ್ಕೂಟರು ಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ಅವರನ್ನು ಕೇಳದೆ ಮಾರುವ ಧೈರ್ಯವೂ ಇರಲಿಲ್ಲ. ಮಂಚಿಕೇರಿಯ ನಮ್ಮ ಮಾವ ಅಡಿಕೆ ವ್ಯಾಪಾರಿ. ಹೆಸರು ಬಂದದ್ದು ಮಾತ್ರ ತಾಳಮದ್ದಳೆಯಲ್ಲಿ. ಕೃಷ್ಣನ ಅರ್ಥ ಹೇಳಲು ಕುಳಿತರೆಂದರೆ ಎದುರಿನ ಕೌರವ ನೀರು ಕೇಳುತ್ತಿದ್ದ. ಮಾತಿನಲ್ಲಿ ಅವರನ್ನು ಸೋಲಿಸಿದವರನ್ನು ನಾನು ಕಂಡಿಲ್ಲ, ಅಂಥವರನ್ನು ಕಂಡದ್ದಾಗಿ ಅವರು ಒಪ್ಪಿಕೊಂಡದ್ದೂ ಇಲ್ಲ.

ಕೊನೆಗೆ ಹೆಂಡತಿ ಭಾಗೀರಥಿಯೇ ಹೇಳಿದಳು: "ಹೆದ್ರಿಕೆ ಎಂತಕ್ಕೆ? ಇದ್ರ ಮೇಲೇ ಅಪ್ಪನ ಮನೆಗೆ ಹೋಪನ. ಕಣ್ಣಾರೆ ನೋಡ್ಲಿ."

ಅವಳು ಹಿಂದಿನ ಸೀಟಿನಲ್ಲಿ ಒಂದು ಬದಿಗೆ ಕುಳಿತಳು. ಒಂದು ಕೈಯಲ್ಲಿ ಸೆರಗು, ಇನ್ನೊಂದರಲ್ಲಿ ನನ್ನ ಕೋಟು. ಪೇಟೆ ದಾಟುವವರೆಗೆ ಕೋಟನ್ನು ಎರಡು ಬೆರಳಲ್ಲಿ ಹಿಡಿದಿದ್ದಳು. ಪೇಟೆ ದಾಟಿದ ಮೇಲೆ ಮುಷ್ಟಿಯಲ್ಲಿ. ದಾರಿಯುದ್ದಕ್ಕೂ ಏನೇನೋ ಹೇಳುತ್ತಿದ್ದಳು. ಗಾಳಿಗೆ ನನಗೆ ಅರ್ಧವೂ ಕೇಳಿಸಲಿಲ್ಲ, ಆದರೂ ಹೂಂ ಎನ್ನುತ್ತಿದ್ದೆ. ಇದು ಗಂಡಂದಿರಿಗೆ ಯಾವ ವಾಹನದಲ್ಲೂ ರೂಢಿಯೇ. ಒಂದು ಏರಿನಲ್ಲಿ ಸ್ಕೂಟರು ಇಬ್ಬರ ಭಾರ ತಾಳದೆ ನಿಂತುಬಿಟ್ಟಿತು. ಭಾಗೀರಥಿ ಇಳಿದು ನಗುತ್ತ ಮುಂದೆ ನಡೆದಳು. ನಾನು ದೂಡುತ್ತ ಹಿಂದೆ. ಎದುರಿಗೆ ಬಂದ ಗಾಡಿಯವನೊಬ್ಬ ಎತ್ತು ನಿಲ್ಲಿಸಿ ಬಹಳ ಗಂಭೀರವಾಗಿ ಕೇಳಿದ, "ಎಂತ ವಕೀಲ್ರೇ, ಕಾರು ಮರಿ ಹಾಕ್ತಾ?"

ಮಾವ ಜಗಲಿಯಲ್ಲಿ ಎಲೆಯಡಿಕೆ ಕವಳ ಹಾಕುತ್ತ ಕುಳಿತಿದ್ದರು. ಸ್ಕೂಟರನ್ನು ನೋಡಿದರು, ನನ್ನನ್ನು ನೋಡಿದರು, ಕೆದರಿದ ತಲೆಯ ಮಗಳನ್ನು ನೋಡಿದರು. ನಾನು ದಾರಿಯಲ್ಲಿ ಸಿದ್ಧಪಡಿಸಿಕೊಂಡಿದ್ದ ವಾದವನ್ನು ಮಂಡಿಸಿದೆ. ಪೆಟ್ರೋಲಿನ ಬೆಲೆ, ನನ್ನ ಸಂಪಾದನೆ, ಕಾರಿನ ವೃದ್ಧಾಪ್ಯ, ಗಣಪತಿಯ ಇಲಿ. ಇಲಿಯವರೆಗೆ ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ ಎದ್ದು ಕವಳ ಉಗಿದು ಬಂದರು.

"ನಿಂಗ ವಕೀಲರು ಹೇಳಿ ಮಗಳ ಕೊಟ್ಟಿದ್ದು," ಎಂದರು. "ಗೋಣಿಚೀಲದಂಗೆ ಹಿಂದೆ ಹೇರ್ಕಂಡು ಬಪ್ಲೆ ಕೊಟ್ಟಿದ್ದಲ್ಲ. ಮಗಳು ನಾಕು ಜನರ ಎದುರಿಗೆ ಮರ್ಯಾದೆಲಿ ತಿರುಗಾಡಲಿ ಹೇಳಿ ಆ ಕಾರು ಕೊಟ್ಟಿದ್ದು. ನಿಂಗಕ್ಕೆ ಕೋರ್ಟಿಗೆ ಹೋಪಲೆ ಅಲ್ಲ."

ಇಷ್ಟು ಹೊತ್ತು ಬಾಗಿಲ ಬಳಿ ಜಡೆ ಬಿಡಿಸಿಕೊಳ್ಳುತ್ತಿದ್ದ ಭಾಗೀರಥಿ ಅಲ್ಲಿಂದಲೇ ಕೇಳಿದಳು.

"ಅಪ್ಪಾ, ಆ ಕಾರಲ್ಲಿ ಆನು ಕೂತಿದ್ದು ಎಷ್ಟು ಸಲ, ಗೊತ್ತಿದ್ದಾ?"

ಮಾವ ಮಗಳ ಕಡೆ ತಿರುಗಿದರು.

"ಮದುವೆ ಆಗಿ ಹೋಪಾಗ ಒಂದ್ಸಲ. ಅಮ್ಮಂಗೆ ಹುಷಾರಿಲ್ಲೆ ಹೇಳಿ ಬಪ್ಪಾಗ ಒಂದ್ಸಲ. ಬಾಕಿ ಯಾವಾಗ ಕೇಳಿರೂ ಪೆಟ್ರೋಲು ದಂಡ. ಹೆಗ್ಗರಣೆ ಹತ್ರ ಉಂಚಳ್ಳಿ ಜಲಪಾತ ಇದ್ದಡ, ಸಿರ್ಸಿಗೆ ಬಂದು ಇಷ್ಟು ವರ್ಷ ಆದ್ರೂ ಆನು ನೋಡಿದ್ದಿಲ್ಲೆ. ಮರ್ಯಾದೆ ಕೋರ್ಟಿಗೆ ಹೋಗಿಬಂದು ಕೊಟ್ಟಿಗೆಲಿ ನಿತ್ಕಂಡಿದ್ದು. ಇವತ್ತು ಗೋಣಿಚೀಲ ಆದ್ರೂ ಆಗ್ಲಿ, ಇವ್ರ ಜೊತಿಗೆ ಬಂದೆ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಹೇರ್‌ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಬಾಚುತ್ತಲೇ ಹೇಳಿದಳು. ಅದಕ್ಕೇ ಇರಬೇಕು, ನನಗೆ ಎಲ್ಲಿ ನೋಡಬೇಕೆಂದು ತೋಚಲಿಲ್ಲ. ಅಷ್ಟು ವರ್ಷ ಲೀಟರುಗಳನ್ನೇ ಎಣಿಸುತ್ತ ಬಂದವನಿಗೆ ಆ ಖಾಲಿ ಸೀಟು ಕಂಡಿರಲಿಲ್ಲ. ತಾಳಮದ್ದಳೆಯ ಕೃಷ್ಣ ಇನ್ನೊಂದು ಎಲೆಗೆ ಸುಣ್ಣ ಹಚ್ಚಿ, ಮಡಿಸದೆ ತಟ್ಟೆಯಲ್ಲೇ ಇಟ್ಟರು. ಕೊನೆಗೆ ಮಾವ ಒಳಗೆ ತಿರುಗಿ, "ಆಸರಿಗೆ ಎಂತಾದ್ರೂ ತಗಂಡು ಬಾರೆ," ಎಂದು ಅತ್ತೆಯನ್ನು ಕೂಗಿದರು. ನಮ್ಮ ಕಡೆ ಸೋತವರು ಹೀಗೆಯೇ, ಬಂದವರಿಗೆ ಪಾನಕ ತರಿಸುತ್ತಾರೆ.

ಕಾರು ಮರದ ಮಿಲ್ಲಿನವರ ಪಾಲಾಯಿತು. ಹಸಿರು ಸ್ಕೂಟರು ನಮ್ಮ ಮನೆಗೆ ಬಂತು. ಪಂಪಿನವನು ಒಂದು ವಾರ ಸೂತಕದ ಮುಖ ಮಾಡಿಕೊಂಡಿದ್ದ. ನಾನು ಉಳಿತಾಯದ ಹಣದಲ್ಲಿ ಏನು ಕೊಳ್ಳಬೇಕೆಂದು ಯೋಚಿಸುತ್ತಿದ್ದೆ.

ಆ ಯೋಚನೆ ಹೆಚ್ಚು ದಿನ ಬಾಳಲಿಲ್ಲ. ಸ್ಕೂಟರು ಪೆಟ್ರೋಲು ಕುಡಿಯುವುದಿಲ್ಲವೆಂದು ಮನೆಯಲ್ಲಿ ಸಾರಿದವನು ನಾನೇ. ಅದನ್ನು ಕೇಳಿದವಳು ಭಾಗೀರಥಿ. ಮೊದಲ ಭಾನುವಾರ ಉಂಚಳ್ಳಿ. ನೀರಿನ ಅಬ್ಬರದಲ್ಲಿ ಇಬ್ಬರೂ ಕೂಗಿ ಮಾತಾಡಿದೆವು, ಗಂಟಲು ಕೂತಿತು. ಮುಂದಿನ ಭಾನುವಾರ ಬನವಾಸಿ. ಆಮೇಲೆ ಚಂದಗುಳಿ, ಅವಳ ಅಕ್ಕನ ಮನೆ, ಅಕ್ಕನ ನಾದಿನಿಯ ಮನೆ. ಏರು ಬಂದಲ್ಲಿ ಅವಳು ಇಳಿದು ನಡೆಯುತ್ತಿದ್ದಳು, ತುದಿಯಲ್ಲಿ ನನಗಾಗಿ ಕಾಯುತ್ತಿದ್ದಳು. ಪಂಪಿನವನು ಮತ್ತೆ ಎದ್ದು ನಿಲ್ಲತೊಡಗಿದ.

ಒಂದು ಸಂಜೆ ಗಂಭೀರನಾಗಿ ಅವಳೆದುರು ಕುಳಿತು, ಪೆಟ್ರೋಲಿನ ಖರ್ಚು ಕಾರಿನ ಕಾಲದಷ್ಟೇ ಆಗಿದೆ, ನಯಾಪೈಸೆ ಉಳಿದಿಲ್ಲ ಎಂದೆ.

ಅವಳು ಅಕ್ಕಿಯಿಂದ ಕಲ್ಲು ಹೆಕ್ಕುತ್ತಿದ್ದವಳು ತಲೆ ಎತ್ತಲಿಲ್ಲ. "ಆಗ ಅಷ್ಟು ದುಡ್ಡಿಗೆ ನಿಂಗ ಒಬ್ರೇ ಹೋಗ್ತಿದ್ರಿ," ಎಂದಳು. "ಈಗ ಅಷ್ಟಕ್ಕೇ ಇಬ್ರು ಹೋಪದಾತು. ಅರ್ಧ ದುಡ್ಡು ಉಳತ್ತಲ."

ಈ ವಾದದಲ್ಲಿ ಎಲ್ಲೋ ಒಂದು ತೂತು ಇರಬೇಕು. ವಕೀಲಿಕೆಯಲ್ಲಿ ತಲೆ ನೆರೆಯುತ್ತ ಬಂತು, ಇನ್ನೂ ಹುಡುಕುತ್ತಿದ್ದೇನೆ.