ಎಲ್ಲರೂ ಚೆನ್ನಾಗಿದ್ದಾರೆ ಎಂಬ ವರದಿ

ನಮ್ಮಕ್ಕ ನರ್ಸು. ಹತ್ತೊಂಬತ್ತು ವರ್ಷದಿಂದ ಆರೋಗ್ಯ ಕಚೇರಿಯ ಹಿಂದಿನ ಎರಡು ಕೋಣೆಗಳಲ್ಲಿ ಮನಸ್ಸಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಾಳೆ. ಒಂದು ಕೋಣೆಯಲ್ಲಿ ಇಂಜೆಕ್ಷನ್ನು, ಮಾತ್ರೆ. ಇನ್ನೊಂದರಲ್ಲಿ ಆರು ಕುರ್ಚಿ, ಒಂದು ಬೆಂಚು, ಬೇಕಾದಷ್ಟು ಮಾತು. ಡಾಕ್ಟರು ತಿಂಗಳಿಗೊಮ್ಮೆ ಬರಬೇಕು, ಬಂದರೆ ಪುಣ್ಯ. ಯಾರಾದರೂ ಇಂಜೆಕ್ಷನ್ ದಿನ ತಪ್ಪಿಸಿದರೋ, ಸಂಜೆ ಅವರ ಮನೆ ಬಾಗಿಲಲ್ಲಿ ಅಕ್ಕ ಹಾಜರು. "ಏನಪ್ಪಾ, ನನ್ನ ಮೇಲೆ ಕೋಪಾನಾ?" ಎನ್ನುತ್ತ ಒಳಗೆ ಹೋಗಿ ಕೂತರೆ, ಸೂಜಿ ಚುಚ್ಚುವವರೆಗೂ ಏಳುವವಳಲ್ಲ. ಮನೆಗೆ ಬಂದಮೇಲೆ ಮಾತ್ರ ಕಾಲು ಚಾಚಿ ಗೋಡೆ ನೋಡುತ್ತಾಳೆ. ಊಟ ಮಾಡೇ ಎಂದರೆ "ಆಮೇಲೆ". ಆ ಆಮೇಲೆ ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ.

ಈ ಕೇಂದ್ರಕ್ಕೆ ಸರ್ಕಾರದ ಅನುದಾನ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಮೂವರು ಅಧಿಕಾರಿಗಳು ಬರುತ್ತಾರೆಂದು ಕಾಗದ ಬಂತು. ಅಕ್ಕ ತಪ್ಪು ಮಾಡಿದ್ದು ಇಲ್ಲೇ. ನೆಂಟರು ಬರುವಾಗ ಹಳೆ ಸಾಮಾನನ್ನೆಲ್ಲ ಮಂಚದ ಕೆಳಗೆ ತಳ್ಳುವ ಬುದ್ಧಿ ನಮ್ಮ ಮನೆಯವರದ್ದು. ಅವಳೂ ಅದನ್ನೇ ಮಾಡಿದಳು. ಒಂದೇ ಸಮ ಕಾಲು ಕುಣಿಸುವ ಮೇಷ್ಟ್ರನ್ನು ಮೇಜಿನ ಹಿಂದೆ ಕೂರಿಸಿದಳು. ತನ್ನಷ್ಟಕ್ಕೇ ಜಗಳವಾಡುವ ಅಜ್ಜಿಗೆ "ಇವತ್ತೊಂದು ದಿನ ಮನೇಲಿರಮ್ಮ, ನಿನ್ನ ದಮ್ಮಯ್ಯ" ಎಂದಳು. ಟೈಲರ್‌ಗೆ ಸ್ವಾಗತದ ಮಾತು ಬಾಯಿಪಾಠ ಮಾಡಿಸಿದಳು. ಹನ್ನೊಂದು ವರ್ಷದ ಹಿಂದೆ, ಹೊಲಿಗೆ ಯಂತ್ರ ತನ್ನನ್ನು ಬೈಯುತ್ತಿದೆಯೆಂದು ಕೋಣೆಯೊಳಗೆ ಚಿಲಕ ಹಾಕಿಕೊಂಡು ಕೂತಿದ್ದವನು ಇವನೇ. ಈಗ ಅಂಗಡಿಯಿದೆ, ಹೆಂಡತಿ, ಮಗಳು ಇದ್ದಾರೆ. ತಪ್ಪದೆ ತಿಂಗಳಿಗೊಂದು ಇಂಜೆಕ್ಷನ್.

ಬಂದವರು ಅರ್ಧ ಗಂಟೆ ಕೂತರು.

"ಇವರಲ್ಲಿ ಪೇಷಂಟ್‌ಗಳು ಯಾರಮ್ಮಾ?" ಎಂದು ಹಿರಿಯ ಅಧಿಕಾರಿ ಕೇಳಿದರಂತೆ.

"ಎಲ್ಲರೂನೂ ಸಾರ್. ಎರಡು ವರ್ಷದಿಂದ ಒಬ್ಬರನ್ನೂ ಆಸ್ಪತ್ರೆಗೆ ಸೇರಿಸಿಲ್ಲ."

"ಭೇಷ್!" ಎಂದು ಬರೆದುಕೊಂಡು ಹೋದರು.

ತಿಂಗಳಾದಮೇಲೆ ಬಂದ ಆದೇಶದಲ್ಲಿ, ಇಲ್ಲಿ ಅಗತ್ಯ ಕಡಿಮೆಯಾಗಿದೆ, ಈ ತಿಂಗಳ ಕೊನೆಗೆ ಕೇಂದ್ರ ಮುಚ್ಚುತ್ತದೆ, ನರ್ಸಿಗೆ ಬೇರೆಡೆಗೆ ವರ್ಗ, ಬೇಕಾದವರು ದೊಡ್ಡಾಸ್ಪತ್ರೆಗೆ ಹೋಗಬಹುದು ಎಂದಿತ್ತು. ದೊಡ್ಡಾಸ್ಪತ್ರೆಗೆ ಎರಡು ಬಸ್ಸು, ಮೂರು ಗಂಟೆ. ಅಯ್ಯೋ ನಮ್ಮ ಕರ್ಮವೇ! ಇವಳು ಬೆನ್ನು ಬಿಡದೆ ದುಡಿದಿದ್ದಕ್ಕೇ ರೋಗಿಗಳು ಚೆನ್ನಾಗಿರುವುದು ಎಂದು ಆ ಮಹಾನುಭಾವರಿಗೆ ಯಾರು ಹೇಳಬೇಕು?

ನಾನು ಅಕ್ಕನ ಮೇಲೇ ಹಾರಾಡಿದೆ. "ಇದ್ದಿದ್ದನ್ನ ಇದ್ದ ಹಾಗೆ ತೋರಿಸಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಅವರನ್ನ ನೋಡಿ ಯಾರೂ ನಗಬಾರದು ಅನ್ನಿಸ್ತು ಕಣೇ."

ನಾನು ಎದ್ದು ಹೋಗಿ ಅವಳ ತಟ್ಟೆಗೆ ಅನ್ನ ಬಡಿಸಿದೆ.

ಮೂರು ತಿಂಗಳೊಳಗೆ ಮೇಲ್ಮನವಿ ಹಾಕಬಹುದಿತ್ತು. ಕಚೇರಿಯ ಗುಮಾಸ್ತ ಕೆಟ್ಟವನೇನಲ್ಲ. "ಇತ್ತೀಚೆಗೆ ಒಬ್ಬರಾದ್ರೂ ಆಸ್ಪತ್ರೆ ಸೇರಿದ ಕಾಗದ ಇದ್ರೆ ಕೊಡಿ ಸಿಸ್ಟರ್, ಫೈಲು ಗಟ್ಟಿಯಾಗುತ್ತೆ" ಎಂದು ಎಲ್ಲರೆದುರೇ ಹೇಳಿಹೋದ. ಟೈಲರ್ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡಿದ್ದ.

ಕೇಂದ್ರ ಮುಚ್ಚುವ ವಾರ, ಅಕ್ಕ ಮರೆತುಹೋದ ಊಟದ ಡಬ್ಬಿ ಕೊಡಲು ನಾನು ಹೋದೆ. ಟೈಲರ್‌ನ ಇಂಜೆಕ್ಷನ್ ದಿನ. ಅವನು ಅಂಗಿಯ ತೋಳು ಮಡಚದೆ ಕೂತಿದ್ದ.

"ಈ ಸಲ ಬೇಡ ಅಕ್ಕ."

"ಯಾಕೋ, ಜ್ವರಾನಾ?"

"ಇಲ್ಲ. ಒಂದೆರಡು ತಿಂಗಳು ಬಿಟ್ರೆ ಅದು ತಾನಾಗೇ ಬರುತ್ತೆ, ನನಗೆ ಗೊತ್ತಲ್ಲ. ನನ್ನ ಆಸ್ಪತ್ರೆಗೆ ಸೇರಿಸಿ, ಕಾಗದ ತಗೊಂಡು ಕೊಡಿ. ಹೆಂಡತೀಗೂ ಹೇಳಿದೀನಿ. ಮಗಳನ್ನ ಅಜ್ಜಿ ಮನೆಗೆ ಕಳಿಸ್ತಾಳಂತೆ."

ರೋಗಿಗಳ ಮೇಲೆ ಅಕ್ಕ ದನಿ ಏರಿಸಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಮಡಚೋ ತೋಳು!" ಎಂದು ಕಿರುಚಿದಳು. ಅವನು ಮಡಚಿದಮೇಲೆ ಚುಚ್ಚಿದಳು. ಹತ್ತಿ ಒತ್ತಿ ಹಿಡಿದವಳಿಗೆ ಕಣ್ಣೀರು ಧಾರೆಧಾರೆಯಾಗಿ ಸುರಿಯುತ್ತಿತ್ತು.

"ಮುಂದಿನ ತಿಂಗಳು ಯಾರು ಹಾಕ್ತಾರಕ್ಕ?" ಎಂದು ಅವನು ಮೆಲ್ಲಗೆ ಕೇಳಿದ.

ಅಕ್ಕ ಅವನ ಕಾರ್ಡು ತೆಗೆದುಕೊಂಡು, ಎಂದಿನಂತೆ, ಮುಂದಿನ ತಿಂಗಳ ತಾರೀಕು ಬರೆದಳು.